ಇಲಿ ಕಕ್ಕಿದ್ದು ಯಾರು? ಒಂದೇ ಟ್ಯಾಂಕಿನಲ್ಲಿ ಎರಡು ಹಾವು ಇಟ್ಟವರಿಗೆ ದೋಷ ನಿವಾರಣೆ ಕೈಪಿಡಿ

ಡಿಸೆಂಬರ್‌ನ ಒಂದು ಬೆಳಗ್ಗೆ ಟ್ಯಾಂಕಿನ ಮುಚ್ಚಳ ತೆಗೆದಾಗ ಕೆಟ್ಟ ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ಅರ್ಧ ಕರಗಿದ ಇಲಿ ಮರಿ ಬಿದ್ದಿತ್ತು. ತಲೆಯ ಕಡೆ ಆಕಾರವೇ ಇರಲಿಲ್ಲ, ಹಿಂಗಾಲು ಮತ್ತು ಬಾಲ ಹಾಗೇ ಇದ್ದವು. ಹಾವು ತಲೆ ಕಡೆಯಿಂದ ನುಂಗುತ್ತದೆ, ಹಾಗಾಗಿ ತಲೆಯೇ ಮೊದಲು ಕರಗುತ್ತದೆ. ಟ್ಯಾಂಕಿನಲ್ಲಿ ಇದ್ದದ್ದು ಎರಡು ಹಾವು. ಎರಡೂ ಒಂದೇ ಗೂಡಿನಲ್ಲಿ ಸುತ್ತಿಕೊಂಡು, ತಮಗೇನೂ ಗೊತ್ತಿಲ್ಲ ಎಂಬಂತೆ ಮಲಗಿದ್ದವು.

ಕಕ್ಕಿದ್ದು ಯಾರು, ಯಾಕೆ ಅಂತ ಪೂರ್ತಿ ತಿಳಿಯಲು ನನಗೆ ಏಳು ವಾರ ಬೇಕಾಯಿತು. ಮೊದಲ ವಾರವೇ ಉತ್ತರ ಸಿಕ್ಕಿತು ಅಂದುಕೊಂಡಿದ್ದೆ. ಅದು ಅರ್ಧ ಉತ್ತರವಾಗಿತ್ತು.

ಹಾವು, ದೋಷ ನಿವಾರಣೆ ಎಂದ ಕೂಡಲೇ ಕೆಲವರಿಗೆ ಕುಕ್ಕೆ ನೆನಪಾಗಬಹುದು. ಇದು ಆ ದೋಷ ಅಲ್ಲ. ಮಿಕ್ಸಿ ತಿರುಗದಿದ್ದರೆ ಮೊದಲು ಪ್ಲಗ್ ನೋಡುತ್ತೇವಲ್ಲ, ಆಮೇಲೆ ಫ್ಯೂಸ್, ಆಮೇಲೆ ಮೋಟಾರು. ಅದೇ ಥರದ ಹುಡುಕಾಟ.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಾಲಸ್ ಹತ್ತಿರ. ಮಗಳ ಹಟಕ್ಕೆ ಎರಡು ಕಾರ್ನ್ ಸ್ನೇಕ್ ಮರಿ ತಂದೆವು. ಕಾರ್ನ್ ಸ್ನೇಕ್ ಅಂದರೆ ಅಮೆರಿಕದ ಆಗ್ನೇಯ ಭಾಗದ ಹಾವು. ವಿಷವಿಲ್ಲ, ಬೆಳೆದರೆ ಮೂರರಿಂದ ಐದು ಅಡಿ, ಚೆನ್ನಾಗಿ ನೋಡಿಕೊಂಡರೆ 15–20 ವರ್ಷ ಬದುಕುತ್ತದೆ. ನಮ್ಮ ಕೇರೆ ಹಾವಿನ ದೂರದ ನೆಂಟ ಅನ್ನಬಹುದು. ಹೆಸರಿನಲ್ಲಿ ಜೋಳ ಇದೆಯಲ್ಲ ಅಂತ ಕಿತ್ತಳೆ ಬಣ್ಣದ್ದಕ್ಕೆ ಮಗಳು ಜೋಳ ಅಂತ ಕರೆದಳು. ಬೂದು ಬಣ್ಣದ್ದು ರಾಗಿ. ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಹಾವು ಸಾಕೋಕೆ ಅಮೆರಿಕಾಗೇ ಹೋಗ್ಬೇಕಿತ್ತೇನೋ?"

ಊರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಯಾವುದೇ ಇರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ನಮ್ಮ ಕಾಡು-ಗದ್ದೆಯ ಹಾವನ್ನು ಹಿಡಿದು ಸಾಕುವಂತಿಲ್ಲ. ಹೊರದೇಶದ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಥರದ್ದು ನಿಮ್ಮ ಬಳಿ ಇದ್ದರೆ, ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ಅದರ ನೋಂದಣಿ ಆಗಿರಬೇಕು. ಅದು ಮುಗಿದಿದ್ದರೆ ಮಾತ್ರ ಮುಂದೆ ಓದಿ.

ಮೊದಲು ಬೇರೆ ಮಾಡಿ, ಆಮೇಲೆ ಹುಡುಕಿ

ತೊಂದರೆ ಏನೇ ಇರಲಿ, ಮೊದಲ ಹೆಜ್ಜೆ ಇದೇ. ಕಕ್ಕಿದರೂ ಇದೇ, ತಿನ್ನದಿದ್ದರೂ ಇದೇ, ಮಲ ನೀರಾಗಿದ್ದರೂ ಇದೇ. ಒಂದು ಟ್ಯಾಂಕಿನಲ್ಲಿ ಎರಡು ಹಾವಿರುವಾಗ ನಿಮ್ಮ ಕಣ್ಣಿಗೆ ಬೀಳುವ ಯಾವ ಗುರುತಿಗೂ ವಾರಸುದಾರರಿಲ್ಲ. ಮಲ ಯಾರದ್ದು, ಕಕ್ಕಿದ್ದು ಯಾರು, ಪೊರೆ ಚೂರು ಯಾರ ಮೈಯಿಂದ ಬಿದ್ದದ್ದು? ಸುಮ್ನೆ ಊಹೆ ಮಾಡಬೇಕು ಅಷ್ಟೇ.

ಇನ್ನೊಂದು ಗಾಜಿನ ಟ್ಯಾಂಕ್ ಕೊಳ್ಳುವವರೆಗೆ ಕಾಯಬೇಡಿ. ಮುಚ್ಚಳ ಗಟ್ಟಿಯಾಗಿ ಕ್ಲಿಪ್ ಆಗುವ ಪ್ಲಾಸ್ಟಿಕ್ ಡಬ್ಬ ಸಾಕು. ಪಕ್ಕಗಳಲ್ಲಿ ಗಾಳಿಗೆ ತೂತು ಮಾಡಿ. ನಾನು ಹಳೆಯ ಸಾಲ್ಡರಿಂಗ್ ಕಡ್ಡಿಯಿಂದ ಮಾಡಿದೆ, ಗರಾಜಿನಲ್ಲಿ ಎರಡು ದಿನ ಸುಟ್ಟ ವಾಸನೆ ಇತ್ತು. ತಳಕ್ಕೆ ಬಿಳಿ ಪೇಪರ್ ಟವೆಲ್ ಹಾಸಿ. ಮರದ ಚೂರು ಬೇಡ, ತೆಂಗಿನ ನಾರು ಬೇಡ. ಬಿಳಿ ಹಾಳೆ ಮೇಲೆ ಎಲ್ಲವೂ ಕಾಣುತ್ತದೆ. ಅಡಗಿಕೊಳ್ಳಲು ಎರಡು ಗೂಡು, ಒಂದು ಬಿಸಿ ತುದಿಗೆ, ಒಂದು ತಂಪು ತುದಿಗೆ. ಅದಕ್ಕೂ ದುಡ್ಡು ಸುರಿಯಬೇಕಿಲ್ಲ. ಅಮೆರಿಕದ ಯಾವ ಕನ್ನಡಿಗರ ಮನೆಯಲ್ಲಿ ಖಾಲಿ ಮೊಸರಿನ ಡಬ್ಬಕ್ಕೆ ಬರ ಹೇಳಿ? ಬೋರಲು ಹಾಕಿ, ಬಾಗಿಲಿಗೆ ಒಂದು ತೂತು ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ.

ಡಬ್ಬದ ತಳಕ್ಕೆ, ಮೂರನೇ ಒಂದು ಭಾಗದ ಅಡಿಯಲ್ಲಿ ಮಾತ್ರ ಹೀಟ್ ಮ್ಯಾಟ್, ಅದಕ್ಕೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಿದರೆ ಹಾವು ಸುಡುತ್ತದೆ. ತಳ ಸುಡುತ್ತಿದ್ದರೂ ಎಷ್ಟೋ ಹಾವು ಅಲ್ಲಿಂದ ಏಳುವುದಿಲ್ಲ.

ಬೇರೆ ಮಾಡಿದ ದಿನವೇ ಎರಡನ್ನೂ ತೂಗಿ ಬರೆದಿಡಿ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಅದರ ಮೇಲೊಂದು ಡಬ್ಬ. ತಕ್ಕಡಿ ಮಾತ್ರ ಅಡುಗೆಮನೆಯದ್ದು ಆಗಬಾರದು. ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ನಾನು ಇದನ್ನು ವೈದ್ಯರಿಂದ ಕಲಿಯಲಿಲ್ಲ, ಹೆಂಡತಿಯಿಂದ ಕಲಿತೆ. ಅವಳು ಕಲಿಸಿದ ರೀತಿ ಇಲ್ಲಿ ಬರೆಯುವಂಥದ್ದಲ್ಲ.

ನಮ್ಮ ತಕ್ಕಡಿ ಹೇಳಿದ್ದು: ಜೋಳ 92 ಗ್ರಾಂ, ರಾಗಿ 61. ಏಪ್ರಿಲ್‌ನಲ್ಲಿ ತಂದಾಗ ಒಂದು 26, ಇನ್ನೊಂದು 25 ಇತ್ತು. ಒಂದೇ ತಾಯಿಯ ಒಂದೇ ಸಲದ ಮೊಟ್ಟೆಯ ಮರಿಗಳು, ಒಂದೇ ದಿನ ಒಂದೇ ಅಳತೆಯ ಇಲಿ ತಿಂದವು. ಎಂಟು ತಿಂಗಳು ದಿನವೂ ನೋಡಿದ್ದೇನೆ, 31 ಗ್ರಾಂ ವ್ಯತ್ಯಾಸ ಕಣ್ಣಿಗೆ ಬಿದ್ದಿರಲಿಲ್ಲ. ಸುತ್ತಿಕೊಂಡು ಮಲಗಿದ ಹಾವಿನ ಗಾತ್ರ ಯಾರಿಗೆ ಗೊತ್ತಾಗುತ್ತದೆ?

ಕಕ್ಕಿದ್ದರೆ

ಯಾರು ಅಂತ ಗೊತ್ತಿಲ್ಲದಿದ್ದರೆ ಇಬ್ಬರಿಗೂ ಊಟ ನಿಲ್ಲಿಸಿ. 10ರಿಂದ 14 ದಿನ. ಇದು ಕಷ್ಟ, ಪಾಪ ಹಸಿದಿರುತ್ತದೆ ಅನಿಸುತ್ತದೆ. ಆದರೆ ಕಕ್ಕಿದ ಹಾವಿನ ಹೊಟ್ಟೆಯ ಆಮ್ಲವೂ ಇಲಿಯ ಜೊತೆ ಹೊರಗೆ ಬಂದಿರುತ್ತದೆ, ಗಂಟಲು ಉರಿದಿರುತ್ತದೆ. ಮರುದಿನವೇ ಇನ್ನೊಂದು ಇಲಿ ಕೊಟ್ಟರೆ ಅದನ್ನೂ ಕಕ್ಕುತ್ತದೆ. ಮರಿ ಹಾವು ಎರಡು ಮೂರು ಸಲ ಹೀಗೆ ಕಕ್ಕಿದರೆ ಬದುಕುವುದೇ ಕಷ್ಟ. ನೀರು ಮಾತ್ರ ಸದಾ ಇರಲಿ.

ಬೇರೆ ಮಾಡಿದ ಐದನೇ ದಿನ ಜೋಳದ ಹಾಳೆ ಮೇಲೆ ಮಲ ಬಿತ್ತು. (ರಾಗಿಯನ್ನು ಡಬ್ಬಕ್ಕೆ ಹಾಕಿ, ಜೋಳವನ್ನು ಹಳೆಯ ಟ್ಯಾಂಕಿನಲ್ಲೇ ಬಿಟ್ಟಿದ್ದೆ. ಆ ಐದು ದಿನ ಅದರ ಟ್ಯಾಂಕಿಗೂ ಪೇಪರ್ ಟವೆಲನ್ನೇ ಹಾಕಿದ್ದೆ.) ರಾಗಿಯ ಹಾಳೆ ಬಿಳಿಯಾಗೇ ಇತ್ತು. ಅಂದರೆ ಜೋಳ ತನ್ನ ಇಲಿ ಅರಗಿಸಿಕೊಂಡಿದೆ, ಕಕ್ಕಿದ್ದು ರಾಗಿ.

ಇನ್ನು ಯಾಕೆ? ಹಾವು ಕಕ್ಕಿದಾಗ ನಾನು ಈಗ ನೋಡುವ ಕ್ರಮ ಇದು. ತಿಂದ ಎರಡು ದಿನದೊಳಗೆ ಯಾರಾದರೂ ಕೈಗೆತ್ತಿಕೊಂಡರಾ? (ಮಕ್ಕಳನ್ನು ಕೇಳಿ, ಬೈಯದೆ ಕೇಳಿ.) ಇಲಿ ದೊಡ್ಡದಾಯಿತಾ? ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಪಟ್ಟು ದಪ್ಪ ಸಾಕು. ಫ್ರೀಜರಿನ ಇಲಿ ಒಳಗೆ ಇನ್ನೂ ತಣ್ಣಗಿತ್ತಾ? ಇವು ಮೂರೂ ಅಲ್ಲದಿದ್ದರೆ ಬಿಸಿ ಅಳೆಯಿರಿ. ಹಾವಿಗೆ ಸ್ವಂತ ಮೈಬಿಸಿ ಇಲ್ಲ. ಹೊಟ್ಟೆಯ ಕೆಳಗೆ ಬಿಸಿ ಸಿಗದಿದ್ದರೆ ಇಲಿ ಅರಗುವ ಮೊದಲೇ ಒಳಗೆ ಕೊಳೆಯುತ್ತದೆ. ಕೊಳೆತದ್ದನ್ನು ಹಾವು ಹೊರಗೆ ತಳ್ಳುತ್ತದೆ. ಕಾರ್ನ್ ಸ್ನೇಕ್‌ಗೆ ಬಿಸಿ ತುದಿಯಲ್ಲಿ 29ರಿಂದ 31 ಡಿಗ್ರಿ ಸೆಲ್ಸಿಯಸ್, ತಂಪು ತುದಿಯಲ್ಲಿ 23–24 ಇದ್ದರೆ ಸರಿ.

ಇಲ್ಲಿ ನಾನು ತಪ್ಪಿದೆ. ಅಳೆಯಲೇ ಇಲ್ಲ. ಟ್ಯಾಂಕಿಗೆ ಥರ್ಮೋಸ್ಟಾಟ್ ಇದೆ, ಅದು 31 ಅಂತ ತೋರಿಸುತ್ತಿದೆ, ಇನ್ನೇನು? ಇದ್ದ ಒಂದೇ ಬಿಸಿ ಗೂಡನ್ನು ಜೋಳ ಹಿಡಿದುಕೊಂಡು ರಾಗಿಯನ್ನು ತಣ್ಣಗೆ ಮಾಡಿದೆ ಅಂತ ತೀರ್ಮಾನ ಮಾಡಿದೆ. ಎರಡು ವಾರದ ನಂತರ ರಾಗಿಗೆ ಕೂದಲಿಲ್ಲದ ಪುಟ್ಟ ಇಲಿ ಮರಿ, ಎರಡೇ ಗ್ರಾಮಿನದ್ದು, ಕೊಟ್ಟೆ. ಹೊಸ ಡಬ್ಬದಲ್ಲಿ ಚೆನ್ನಾಗಿ ಅರಗಿಸಿಕೊಂಡಿತು. ಸಮಸ್ಯೆ ಮುಗಿಯಿತು ಅಂದುಕೊಂಡೆ. ಜೋಳದ ಟ್ಯಾಂಕನ್ನು ತೊಳೆದು, ಚಳಿ ಜಾಸ್ತಿ ಅಂತ ಆಸ್ಪೆನ್ ಮರದ ಚೂರನ್ನು ಮತ್ತೆ ನಾಲ್ಕು ಇಂಚು ತುಂಬಿ, ಅದಕ್ಕೂ ಊಟ ಕೊಟ್ಟೆ.

ಮೂರನೇ ದಿನ ಜೋಳ ಕಕ್ಕಿತು. ಒಂಟಿಯಾಗಿದ್ದ ಜೋಳ!

ಆಗ ಪಕ್ಕದ ಮನೆಯವರಿಂದ ಟೆಂಪರೇಚರ್ ಗನ್ ಇಸ್ಕೊಂಡು ಬಂದೆ. ಅವರು ಅದನ್ನು ದೋಸೆ ಕಾವಲಿ ಕಾದಿದೆಯಾ ಅಂತ ನೋಡಲು ಇಟ್ಟುಕೊಂಡಿದ್ದರು. ಬಿಸಿ ಗೂಡಿನೊಳಗೆ, ಹಾವು ಮಲಗುವ ಜಾಗಕ್ಕೆ ಹಿಡಿದೆ. 24. ಆಸ್ಪೆನ್ ಸರಿಸಿ ತಳದ ಗಾಜಿಗೆ ಹಿಡಿದೆ. 31. ಥರ್ಮೋಸ್ಟಾಟ್ ಸುಳ್ಳು ಹೇಳಿರಲಿಲ್ಲ. ಅದರ ಪ್ರೋಬ್, ಅಂದರೆ ಬಿಸಿ ಅಳೆಯುವ ತುದಿ, ಇದ್ದದ್ದು ಗಾಜಿನ ಮೇಲೆ, ಹಾವು ಇದ್ದದ್ದು ನಾಲ್ಕು ಇಂಚು ಮೇಲೆ. ನಡುವೆ ಒಣ ಮರದ ಚೂರು. ನಾನು ಹಾವಿಗೆ ಕಂಬಳಿ ಹೊದಿಸಿದೆ ಅಂದುಕೊಂಡಿದ್ದೆ. ನಿಜವಾಗಿ ಒಲೆಗೆ ಕಂಬಳಿ ಹೊದಿಸಿದ್ದೆ. ರಾತ್ರಿ ಮನೆಯ ಹೀಟರ್ ತಗ್ಗಿಸಿದಾಗ ರೂಮು 19ಕ್ಕೆ ಇಳಿಯುತ್ತಿತ್ತು.

ಹಾಗಾದರೆ ಮೊದಲು ಜೋಳ ಹೇಗೆ ಚೆನ್ನಾಗಿತ್ತು? ಹಳೆಯ ಹಾಸನ್ನು ಎತ್ತಿ ಎಸೆಯುವಾಗ ಬಿಸಿ ಗೂಡಿನ ಅಡಿಯಲ್ಲಿ ಒಂದು ತಗ್ಗು ನೋಡಿದ್ದೆ. ತಟ್ಟೆ ಇಡ್ಲಿಯಷ್ಟು ಅಗಲ, ಗಾಜಿನವರೆಗೂ ತೋಡಿದ್ದು. ಆಗ ಅದರ ಅರ್ಥ ಹೊಳೆಯಲಿಲ್ಲ. ಜೋಳ ತಿಂಗಳುಗಟ್ಟಲೆ ಅದರಲ್ಲೇ ಮಲಗುತ್ತಿತ್ತು. ಅದರೊಳಗೆ ಒಂದು ಹಾವಿಗಷ್ಟೇ ಜಾಗ. ರಾಗಿ ಅದರ ಮೇಲೆ, ತಣ್ಣನೆಯ ಅಂಚಿನಲ್ಲಿ ಸುತ್ತಿಕೊಳ್ಳುತ್ತಿತ್ತು. ಹಾಸು ಬದಲಿಸಿದಾಗ ನಾನು ಜೋಳದ ತಗ್ಗನ್ನೂ ಮುಚ್ಚಿಬಿಟ್ಟೆ.

ಅಂದರೆ ದೋಷ ಎರಡಿತ್ತು, ಒಂದರ ಮೇಲೊಂದು. ಬಿಸಿ ಮೇಲೆ ಬರುತ್ತಿರಲಿಲ್ಲ. ಇದ್ದ ಸ್ವಲ್ಪ ಬಿಸಿ ಒಂದಕ್ಕೆ ಮಾತ್ರ ಸಿಗುತ್ತಿತ್ತು. ಒಂದೇ ಹಾವು ಇದ್ದಿದ್ದರೆ ಅದು ತಗ್ಗು ತೋಡಿ ಹೇಗೋ ಬದುಕಿಕೊಳ್ಳುತ್ತಿತ್ತು. ಎರಡನ್ನೂ ಒಟ್ಟಿಗೇ ಬಿಟ್ಟಿದ್ದರೆ ರಾಗಿ ಸಾಯುತ್ತಿತ್ತು, ನಾನು ಅದು ಹುಟ್ಟುತ್ತಲೇ ಬಡಕಲು ಅನ್ನುತ್ತಿದ್ದೆ. ಪರಿಹಾರ ಐದು ನಿಮಿಷದ್ದು: ಬಿಸಿ ತುದಿಯಲ್ಲಿ ಹಾಸನ್ನು ಅರ್ಧ ಇಂಚಿಗೆ ಇಳಿಸಿ, ಗೂಡನ್ನು ತಳಕ್ಕೆ ಕೂರಿಸಿ, ಅಳತೆಯನ್ನು ಯಾವಾಗಲೂ ಹಾವಿನ ಹೊಟ್ಟೆ ತಾಗುವ ಜಾಗದಲ್ಲಿ ತೆಗೆಯುವುದು. ಗಾಜಿಗೆ ಅಂಟಿಸುವ ಗುಂಡು ಮೀಟರನ್ನು ತೆಗೆದು ಬಿಸಾಕಿ. ಅದು ಗಾಳಿಯ ಬಿಸಿ ಹೇಳುತ್ತದೆ, ಅದನ್ನೂ ಸರಿಯಾಗಿ ಹೇಳುವುದಿಲ್ಲ.

ಬಿಸಿ ಸರಿ ಇದ್ದೂ ಕಕ್ಕಿದರೆ, ಅದರಲ್ಲೂ ಹೊಟ್ಟೆಯ ನಡುವೆ ಗಟ್ಟಿ ಉಬ್ಬು ಕಂಡರೆ, ಸರೀಸೃಪ ನೋಡುವ ಪಶುವೈದ್ಯರ ಬಳಿ ಹೋಗಿ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಇರಬಹುದು. ಮಲದ ಮೂಲಕ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ, ಮನೆಯ ಬ್ಲೀಚಿಗೆ ಬಗ್ಗುವುದಿಲ್ಲ. ಒಂದು ಸಲ ಪರೀಕ್ಷೆಯಲ್ಲಿ ಇಲ್ಲ ಅಂತ ಬಂದರೂ ಪೂರ್ತಿ ನಂಬುವಂತಿಲ್ಲ, ಯಾಕೆಂದರೆ ಅದು ಪ್ರತಿ ಮಲದಲ್ಲೂ ಬೀಳುವುದಿಲ್ಲ. ನಮ್ಮವೆರಡಕ್ಕೂ ಇಲ್ಲ ಅಂತ ಬಂತು, ಆಮೇಲೆ ಕಕ್ಕಲೂ ಇಲ್ಲ.

ಎರಡೂ ಅಪ್ಪಿಕೊಂಡು ಮಲಗಿದರೆ

ಇದನ್ನು ದೋಷ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಫೋಟೊ ತೆಗೆದು ಕಳಿಸುತ್ತಾರೆ. ನಾನೂ ಕಳಿಸಿದ್ದೆ. ಪರೀಕ್ಷೆ ಸುಲಭ. ಅದೇ ಥರದ ಇನ್ನೊಂದು ಗೂಡನ್ನು ಅಷ್ಟೇ ಬಿಸಿ ಇರುವ ಜಾಗದಲ್ಲಿ ಇಡಿ. ಒಂದು ಹಾವು ಎದ್ದು ಅಲ್ಲಿಗೆ ಹೋದರೆ, ಅದು ಅಪ್ಪುಗೆ ಆಗಿರಲಿಲ್ಲ, ಸೀಟಿನ ಜಗಳ ಆಗಿತ್ತು. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಒತ್ತಿಕೊಂಡು ಕೂತರೆ ಪ್ರೀತಿ ಅನ್ನುತ್ತೀರಾ?

ನಮ್ಮ ಕಡೆ ಅಡಿಕೆ ತೋಟದಲ್ಲಿ ಎರಡು ಕೇರೆ ಹಾವು ತಳಕು ಹಾಕಿಕೊಂಡು ಎದ್ದು ನಿಲ್ಲುವುದನ್ನು ನೋಡಿರುತ್ತೀರಿ. ಸರಸ ಅಂತ ಊರವರು ದೂರ ನಿಂತು ನೋಡುತ್ತಾರೆ. ಹೆಚ್ಚಿನ ಸಲ ಅದು ಎರಡು ಗಂಡುಗಳ ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತಿರುತ್ತದೆ. ತೋಟದಲ್ಲಾದರೆ ಸೋತದ್ದು ಹರಿದು ಹೋಗುತ್ತದೆ. ಗಾಜಿನ ಟ್ಯಾಂಕಿನಲ್ಲಿ ಎಲ್ಲಿಗೆ ಹೋಗಬೇಕು?

ಒಂದು ತಿನ್ನುತ್ತಿಲ್ಲ

ಬೇರೆ ಮಾಡಿ ಎರಡು ವಾರದೊಳಗೆ ತಿಂದರೆ ಕಾರಣ ಬಹುಶಃ ಜೊತೆಯವನೇ. ತಿನ್ನದಿದ್ದರೆ ಎಲ್ಲವನ್ನೂ ಜೊತೆವಾಸದ ತಲೆಗೆ ಕಟ್ಟಬೇಡಿ. ಕಣ್ಣು ಹಾಲಿನಂತೆ ಮಂಜಾಗಿದೆಯಾ? ಪೊರೆ ಬಿಡುವ ಕಾಲ, ಆಮೇಲೆ ತಿನ್ನುತ್ತದೆ. ಬೆಳೆದ ಗಂಡು, ವಸಂತಕಾಲ? ಹೆಣ್ಣಿನ ಯೋಚನೆಯಲ್ಲಿ ಊಟ ಬಿಟ್ಟಿರುತ್ತದೆ. ಬಾಲ್ ಪೈಥಾನ್ ಅಂತೂ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ಅಲ್ಲಿ ನೋಡಬೇಕಾದ್ದು ತೂಕ. ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದರೆ ವೈದ್ಯರು.

"ಊಟಕ್ಕೆ ಮಾತ್ರ ಬೇರೆ ಡಬ್ಬಕ್ಕೆ ಹಾಕ್ತೀವಿ, ಸಾಲದಾ?" ಅಂತ ಕೇಳುತ್ತಾರೆ. ಸಾಲದು. ತಿಂದ ಹಾವಿನ ಮೂತಿಯಲ್ಲಿ ಇಲಿ ವಾಸನೆ ಇರುತ್ತದೆ. ಅದನ್ನು ತಂದು ಇನ್ನೊಂದರ ಪಕ್ಕ ಬಿಟ್ಟರೆ, ಅದಕ್ಕೆ ಇದೇ ಇಲಿ. ಇನ್ನು ಒಂದೇ ಇಲಿಯನ್ನು ಎರಡು ಕಡೆಯಿಂದ ಎರಡು ಹಾವು ಹಿಡಿದರೆ ಇನ್ನೂ ಕೆಟ್ಟದ್ದು. ಹಾವಿನ ಹಲ್ಲು ಒಳಮುಖವಾಗಿ ಬಾಗಿರುತ್ತದೆ, ಹಿಡಿದದ್ದನ್ನು ಬಿಡುವುದು ಅದಕ್ಕೆ ಸುಲಭವಲ್ಲ. ನುಂಗುತ್ತಾ ನುಂಗುತ್ತಾ ಮುಂದಿರುವ ತಲೆಯನ್ನೂ ನುಂಗಿಬಿಡುತ್ತದೆ.

ನೀರಿನ ಬಟ್ಟಲು ಬಿಟ್ಟು ಏಳುತ್ತಿಲ್ಲ

ಬಟ್ಟಲಿನ ತಳ ನೋಡಿ. ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕಿಗಳು ಮುಳುಗಿದ್ದರೆ ಅವು ಮೈಟ್, ಹಾವಿನ ಹೇನು ಅನ್ನಿ. ಹಾವನ್ನು ಬಿಳಿ ಹಾಳೆ ಮೇಲೆ ಹರಿಸಿ, ಗದ್ದದ ಅಡಿ ಮತ್ತು ಕಣ್ಣಿನ ಸುತ್ತ ನೋಡಿ. ಒಂದಕ್ಕೆ ಇದ್ದರೆ ಇನ್ನೊಂದಕ್ಕೂ ಇದೆ ಅಂತಲೇ ತಿಳಿದು ಎರಡಕ್ಕೂ ಚಿಕಿತ್ಸೆ ಮಾಡಿಸಿ. ಚುಕ್ಕಿ ಇಲ್ಲದಿದ್ದರೆ ಟ್ಯಾಂಕ್ ತುಂಬಾ ಬಿಸಿಯಾಗಿರಬಹುದು, ಇಲ್ಲವೇ ಪೊರೆ ಬಿಡುವ ಸಮಯ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ ಕಂಡರೆ ಇಲ್ಲಿ ಓದುತ್ತಾ ಕೂರಬೇಡಿ, ಹೊರಡಿ.

ಹೊಸ ಹಾವು ತಂದರೆ ಹಳೆಯದು ಇರುವ ರೂಮಿಗೇ ತರಬೇಡಿ. 60ರಿಂದ 90 ದಿನ ಬೇರೆ ರೂಮು, ಬೇರೆ ಬಟ್ಟಲು, ಬೇರೆ ಇಕ್ಕಳ. ಊಟ, ನೀರು, ಸ್ವಚ್ಛತೆ ಎಲ್ಲಾ ಹಳೆಯದಕ್ಕೆ ಮೊದಲು, ಹೊಸದಕ್ಕೆ ಆಮೇಲೆ. ಬೋವಾ ಮತ್ತು ಹೆಬ್ಬಾವು ಜಾತಿಗೆ ಬರುವ ಇನ್‌ಕ್ಲೂಷನ್ ಬಾಡಿ ಡಿಸೀಸ್ ಎಂಬ ಅಂಟುರೋಗಕ್ಕೆ ಔಷಧಿಯೇ ಇಲ್ಲ.

ಒಂದೇ ಕಾಣಿಸುತ್ತಿದೆ

ಮೊದಲು ಉಳಿದಿರುವ ಹಾವಿನ ಹೊಟ್ಟೆ ನೋಡಿ. ಕಾರ್ನ್ ಸ್ನೇಕ್ ಜೊತೆ ಕಿಂಗ್ ಸ್ನೇಕ್ ಇಟ್ಟಿದ್ದರೆ ಹುಡುಕುವ ಅಗತ್ಯ ಬೀಳಲಾರದು. ಕಿಂಗ್ ಸ್ನೇಕ್ ಹಾವನ್ನೇ ತಿನ್ನುವ ಹಾವು. ಆಗುಂಬೆ ಕಡೆಯವರಿಗೆ ಕಾಳಿಂಗ ಗೊತ್ತಲ್ವಾ, ಅದೇ ಅಭ್ಯಾಸ, ವಿಷ ಮಾತ್ರ ಇಲ್ಲ.

ಹೊಟ್ಟೆ ಮಾಮೂಲಾಗಿದ್ದರೆ ತಪ್ಪಿಸಿಕೊಂಡಿದೆ. ಫ್ರಿಜ್ ಹಿಂದೆ, ವಾಟರ್ ಹೀಟರ್ ಅಡಿ, ಹೀಗೆ ಬೆಚ್ಚಗಿರುವ ಕಡೆ ನೋಡಿ. ರಾತ್ರಿ ಮಲಗುವ ಮೊದಲು ಗೋಡೆ ಬುಡದಲ್ಲಿ, ಬಾಗಿಲುಗಳ ಹತ್ತಿರ ಅಕ್ಕಿಹಿಟ್ಟು ತೆಳ್ಳಗೆ ಉದುರಿಸಿ. ಬೆಳಗ್ಗೆ ಹಾವು ಹರಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಜೋಳ ಒಮ್ಮೆ ಹೀಗೇ ಸಿಕ್ಕಿತು, ಶೂ ಸ್ಟ್ಯಾಂಡಿನ ಅಡಿಯಲ್ಲಿ.

"ಎರಡೂ ಹೆಣ್ಣು" ಅಂದಿದ್ದರು

ಅಂಗಡಿಯವರು ಅಕ್ಕತಂಗಿ ಅಂತ ಕೊಟ್ಟಿದ್ದರು. ವೈದ್ಯರು ಬಾಲದ ಬುಡದಲ್ಲಿ ತೆಳ್ಳನೆಯ ಕಡ್ಡಿ ಹಾಕಿ ನೋಡಿದರೆ ಜೋಳ ಗಂಡು. ಕಾರ್ನ್ ಸ್ನೇಕ್ ಹೆಣ್ಣಿಗೆ ಮೂರು ವರ್ಷ, 300 ಗ್ರಾಮಾದರೂ ಆಗುವ ಮೊದಲು ಮೊಟ್ಟೆ ಕಟ್ಟಿದರೆ, ಮೊಟ್ಟೆ ಹೊರಬರದೆ ಸಿಕ್ಕಿಹಾಕಿಕೊಂಡು ಪ್ರಾಣಕ್ಕೇ ಬರಬಹುದು. ಆಮೇಲೆ ಬೇರೆ ಮಾಡಿದರೂ ನಿಶ್ಚಿಂತೆಯಿಲ್ಲ. ಹೆಣ್ಣು ಹಾವು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಳ್ಳಬಲ್ಲದು. ನಮ್ಮವು ಇನ್ನೂ ಚಿಕ್ಕವಿದ್ದವು, ಬಚಾವಾದೆವು.

ಜೊತೆಗಿರುವ ಹಾವೇ ಇಲ್ಲವಾ?

ಇದೆ. ಗಾರ್ಟರ್ ಸ್ನೇಕ್. ಕೆನಡಾದ ಮ್ಯಾನಿಟೋಬದ ನಾರ್ಸಿಸ್ ಎಂಬಲ್ಲಿ ಚಳಿಗಾಲ ಕಳೆದು ಸಾವಿರಾರು ಗಾರ್ಟರ್ ಹಾವುಗಳು ಸುಣ್ಣಕಲ್ಲಿನ ಬಿಲಗಳಿಂದ ಒಟ್ಟಿಗೇ ಹೊರಬರುತ್ತವೆ. ಗಾರ್ಟರ್ ಹಾವುಗಳು ಕೆಲವು ಜೊತೆಗಾರರನ್ನೇ ಆರಿಸಿಕೊಂಡು ಸೇರುತ್ತವೆ ಅಂತ 2020ರಲ್ಲಿ ಕೆನಡಾದ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಅನುಭವಿಗಳು ಇವನ್ನು ದೊಡ್ಡ ಟ್ಯಾಂಕಿನಲ್ಲಿ, ಒಂದೇ ಗಾತ್ರದವನ್ನು ಒಟ್ಟಿಗೆ ಸಾಕುತ್ತಾರೆ. ಊಟದ ಹೊತ್ತಿಗೆ ಅವರೂ ಬೇರೆ ಮಾಡುತ್ತಾರೆ. ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್, ಬಾಲ್ ಪೈಥಾನ್‌ಗೆ ಈ ಉದಾಹರಣೆ ಎಳೆದು ತರಬೇಡಿ. ಜಾಗ ಇಲ್ಲ ಅನ್ನುವವರಿಗೆ ನನ್ನ ಉತ್ತರ: ಎರಡನೇ ಡಬ್ಬಕ್ಕೆ ಜಾಗ ಇಲ್ಲದಿದ್ದರೆ ಎರಡನೇ ಹಾವಿಗೂ ಇಲ್ಲ.

ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ಪಾಪ, ಒಡಹುಟ್ಟಿದವು, ಬೇಜಾರಾಗಲ್ವೇನೋ ಅವಕ್ಕೆ?" ಅಂತ ಪ್ರತಿ ಭಾನುವಾರ ಕೇಳುತ್ತಾರೆ. ನಾನು ನೋಟ್‌ಬುಕ್ ತೆಗೆದು ಓದುತ್ತೇನೆ. ಹೋದ ವಾರ ರಾಗಿ 118 ಗ್ರಾಂ.